ಗಟ್ಟಿಮೇಳಕ್ಕೊಂದು ಗಿಟಾರು

ನಮ್ಮ ಮನೆಯ ಒಗ್ಗರಣೆ ಡಬ್ಬಿಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯಗಳ ನಡುವೆ ಇಂಗಿಗೊಂದು ಪುಟ್ಟ ಬಟ್ಟಲಿದೆ. ಆ ಬಟ್ಟಲಲ್ಲಿ ಮೂರು ಮೂಲೆಯ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ. ಒಂದು ತುದಿ ಚೆನ್ನಾಗಿ ಸವೆದಿದೆ. ಗಿಟಾರಿನ ತಂತಿ ಮೀಟುವವರು ಅದನ್ನು ಪಿಕ್ ಅನ್ನುತ್ತಾರೆ, ನನ್ನ ಹೆಂಡತಿ ಸುಮನಾ ಇಂಗಿನ ಚಮಚ ಅನ್ನುತ್ತಾಳೆ. ಅದರ ತುದಿಯಲ್ಲಿ ನಿಲ್ಲುವಷ್ಟು ಇಂಗು ಒಂದು ಪಾತ್ರೆ ಸಾರಿಗೆ ಹೇಳಿ ಮಾಡಿಸಿದ ಅಳತೆಯಂತೆ. ಲಂಡನ್ನಿನ ದೊಡ್ಡ ದೊಡ್ಡ ಸ್ಟುಡಿಯೋಗಳನ್ನು ಕಂಡು ಬಂದ ಬಿಲ್ಲೆ ಮದ್ರಾಸಿನ ಪೋರೂರಿನಲ್ಲಿ ಇಂಗು ಹೊರುತ್ತಿದೆಯಲ್ಲ, ಪಾಪ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿ, ಅದರ ಯಜಮಾನರಿಗೆ ಒಂದು ಫೋಟೋ ಕಳಿಸಿದ್ದೆ. "ಅಂತೂ ಅದಕ್ಕೊಂದು ಖಾಯಂ ಕೆಲಸ ಸಿಕ್ಕಿತಲ್ಲ, ನನಗೆ ಕೊನೆಯವರೆಗೂ ಸಿಗಲಿಲ್ಲ" ಎಂದು ಉತ್ತರ ಬಂತು.

ಯಜಮಾನರ ಹೆಸರು ನಾರ್ಮನ್. ಎಪ್ಪತ್ತು ದಾಟಿದ ಇಂಗ್ಲೆಂಡಿನವರು, ಕಸುಬು ಗಿಟಾರು. ಅವರು ನಮಗೆ ಗಂಟುಬಿದ್ದದ್ದು ಅವರ ಎಡಮೊಣಕಾಲಿನ ದೆಸೆಯಿಂದ.

ನಮ್ಮದು ಪೋರೂರಿನಲ್ಲೊಂದು ಸಸ್ಯಾಹಾರಿ ಹೋಟೆಲು. ಸುತ್ತಮುತ್ತ ಆಸ್ಪತ್ರೆಗಳು ಇರುವುದರಿಂದ ನಮ್ಮ ಗಿರಾಕಿಗಳಲ್ಲಿ ಅರ್ಧ ಜನ ಇಡ್ಲಿಯನ್ನು ಡಾಕ್ಟರು ಹೇಳಿದ್ದಾರೆಂದು ತಿನ್ನುವವರು. ಹೋಟೆಲಿನ ಮೇಲಿನ ರೂಮುಗಳನ್ನು ಆಪರೇಷನ್ ಮುಗಿಸಿಕೊಂಡು ಸುಧಾರಿಸಿಕೊಳ್ಳುವವರಿಗೆ ಬಾಡಿಗೆಗೆ ಕೊಡುತ್ತೇವೆ. ಹೊಸ ಮೊಣಕಾಲು ಹಾಕಿಸಿಕೊಂಡ ನಾರ್ಮನ್ ಹಾಗೆ ಬಂದವರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದು ಕೈಯಲ್ಲಿ ಗಿಟಾರಿನ ಪೆಟ್ಟಿಗೆ. ಬಟ್ಟೆಬರೆ ಇದ್ದ ಸೂಟ್‌ಕೇಸನ್ನು ಆಟೋದಲ್ಲೇ ಮರೆತಿದ್ದರು. ಆಟೋದವನೇ ವಾಪಸು ತಂದುಕೊಟ್ಟ ಮೇಲೂ ಅವರಿಗೆ ವಿಶೇಷ ಸಂತೋಷವೇನೂ ಆದಂತೆ ಕಾಣಲಿಲ್ಲ.

ಮೆಟ್ಟಿಲು ಹತ್ತಿ ಇಳಿಯಬೇಕೆಂದು ವ್ಯಾಯಾಮ ಹೇಳಿಕೊಡುವ ಹುಡುಗಿ ಅಪ್ಪಣೆ ಮಾಡಿದ್ದಳು. ಹಾಗಾಗಿ ಸಾಯಂಕಾಲ ಇಳಿದು ಬಂದು ಗಲ್ಲಾಪೆಟ್ಟಿಗೆಯ ಪಕ್ಕದ ಮೇಜಿಗೆ ಕೂತು ಗೋಳಿಬಜೆ ತಿನ್ನುತ್ತಾ ತಮ್ಮ ಕಥೆ ಹೇಳುತ್ತಿದ್ದರು. ಎದುರಿಗೆ ನನ್ನ ಅಮ್ಮ ಕೂರುತ್ತಿದ್ದಳು. ಅಮ್ಮನಿಗೆ ಇಂಗ್ಲಿಷ್ ಬಾರದು, ಅವರಿಗೆ ಕನ್ನಡ ಬಾರದು. ಇದರಿಂದ ಇಬ್ಬರಿಗೂ ಯಾವ ತೊಂದರೆಯೂ ಇರಲಿಲ್ಲ.

"ಅಲ್ಲ ಮಾರಾಯ, ಈ ಪ್ರಾಯದಲ್ಲಿ ಕಾಲು ರಿಪೇರಿಗೆ ಒಬ್ನೇ ಬಂದದ್ದಾ? ಮನೆಯಲ್ಲಿ ಯಾರೂ ಇಲ್ವಾ?" ಎಂದು ಅಮ್ಮ ಕೇಳಿದರೆ, ಅವರು ತಮ್ಮ ಮೊದಲ ಬ್ಯಾಂಡು ಒಡೆದುಹೋದ ಕಥೆ ಹೇಳುತ್ತಿದ್ದರು. ಅಮ್ಮ "ಅಯ್ಯೋ ಪಾಪ" ಎನ್ನುತ್ತಿದ್ದಳು. ಎರಡಕ್ಕೂ ಸರಿಯಾಗಿ ಹೊಂದುತ್ತಿತ್ತು.

ಕಥೆ ಇಷ್ಟೆ. ಮಳೆ, ಹೊಗೆ ಎರಡೂ ಇದ್ದ ಒಂದು ಕಾರ್ಖಾನೆ ಊರಿನಲ್ಲಿ ಹುಟ್ಟಿದ ಹುಡುಗ, ಅಮೆರಿಕದ ಕರಿಯ ಹಾಡುಗಾರರ ದುಃಖದ ಹಾಡುಗಳನ್ನು ರೆಕಾರ್ಡಿನಲ್ಲಿ ಕೇಳಿ ಕೇಳಿ ಗಿಟಾರು ಕಲಿತ. ಬ್ಲೂಸ್ ಎಂದು ಅದರ ಹೆಸರು. ಗೆಳೆಯರು ಕೂಡಿ ಬ್ಯಾಂಡು ಕಟ್ಟಿದರು, ಹಳೆಯ ವ್ಯಾನಿನಲ್ಲಿ ಊರೂರು ತಿರುಗಿದರು, ಬ್ಲೂಸಿಗೆ ರಾಕ್ ಬೆರೆಸಿ ಕಿವಿ ಕಿತ್ತುಹೋಗುವಂತೆ ಬಾರಿಸಿದರು. ಹಾಡಿನ ಕೊನೆಗೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಯ ಮೇಲಿಂದ ಹಾರುವುದು ನಾರ್ಮನ್ನರ ವೈಶಿಷ್ಟ್ಯ. ಹೊಸ ಮೊಣಕಾಲಿನ ಮೂಲ ಅದೇ. ಇನ್ನೇನು ಹೆಸರು ಬಂತು ಅನ್ನುವಾಗ ಹಾಡುವವನು ದೊಡ್ಡ ಕಂಪನಿಗೆ ಹೋದ, ಡ್ರಮ್ಮಿನವನು ಮದುವೆಯಾದ. ಉಳಿದವರಲ್ಲಿ ಹೊಟ್ಟೆಪಾಡಿಗೆ ಸ್ಟುಡಿಯೋ ಹೊಕ್ಕವರು ನಾರ್ಮನ್ ಒಬ್ಬರೇ. ಅಲ್ಲಿಂದ ಮುಂದೆ ಜೀವಮಾನವಿಡೀ ಬೇರೆಯವರ ಹಾಡಿಗೆ ಬಾರಿಸಿದ್ದು. ಬೆಳಿಗ್ಗೆ ಬಿಸ್ಕತ್ತಿನ ಜಾಹೀರಾತು, ಮಧ್ಯಾಹ್ನ ಸಿನಿಮಾದಲ್ಲಿ ನಾಯಕಿ ಅಳುವ ದೃಶ್ಯ, ಸಂಜೆ ಯಾರೋ ಮಹಾನುಭಾವರ ರೆಕಾರ್ಡು. ಗಾಜಿನ ಗೋಡೆಯ ಆಚೆ ಕೂತವನು "ಟೇಕ್ ಓಕೆ" ಅಂದರೆ ಪೆಟ್ಟಿಗೆ ಕಟ್ಟಿಕೊಂಡು ಮನೆಗೆ. ಬೇರೆ ಹೊಗಳಿಕೆ ಆ ಕಸುಬಿನಲ್ಲಿ ಇಲ್ಲವಂತೆ.

ಒಮ್ಮೆ ಒಬ್ಬ ಬಹಳ ಪ್ರಸಿದ್ಧ ಗಿಟಾರಿನವನು ಅಮಲಿನಲ್ಲಿ ಸೋಫಾದ ಮೇಲೆ ನಿದ್ದೆ ಹೋಗಿದ್ದಾಗ ಅವನ ಪಾಲನ್ನು ನಾರ್ಮನ್ ಬಾರಿಸಿದರು. ರೆಕಾರ್ಡು ಬಂತು, ಆ ತುಣುಕಿಗಾಗಿ ಜನ ಹುಚ್ಚೆದ್ದರು. ನಾರ್ಮನ್ ಟಿಕೆಟು ತೆಗೆದುಕೊಂಡು ಅವನ ಕಛೇರಿಗೆ ಹೋಗಿ ಕೂತರು. "ಅವನು ಅದನ್ನು ತಪ್ಪು ಬಾರಿಸಿದ. ಪಕ್ಕದಲ್ಲಿ ಕೂತಿದ್ದ ಹುಡುಗಿ, ಆಹಾ, ಇವರನ್ನು ಬಿಟ್ಟರೆ ಇದನ್ನು ಇನ್ನೊಬ್ಬರು ಬಾರಿಸಲಾರರು ಅಂದಳು. ನಾನು ಹೌದು ಹೌದು ಅಂದೆ" ಎಂದು ಹೇಳಿ, ನಾರ್ಮನ್ ಇನ್ನೊಂದು ಗೋಳಿಬಜೆ ಚಟ್ನಿಯಲ್ಲಿ ಅದ್ದಿದರು.

"ಬೇಜಾರಾಗಲಿಲ್ಲವೇ?" ಎಂದು ಕೇಳಿದೆ.

"ಅದಕ್ಕೆ ಬೇಜಾರಿಲ್ಲ. ನನ್ನ ಬೇಜಾರು ಬೇರೆ. ಇಷ್ಟು ವರ್ಷ ಬಾರಿಸಿದೆನಲ್ಲ, ಗಾಜಿನ ಆಚೆಯಿಂದ ಎಲ್ಲರೂ ಹೇಳಿದ್ದು ಒಂದೇ ಮಾತು. ಸ್ವಲ್ಪ ಸಣ್ಣಕ್ಕೆ, ನಾರ್ಮನ್. ಇನ್ನೂ ಸ್ವಲ್ಪ ಸಣ್ಣಕ್ಕೆ. ಹಾಡುವವರ ಧ್ವನಿ ಕೇಳಬೇಕು."

ಇದನ್ನು ಕೇಳಿ ನನಗೆ ನನ್ನ ಸ್ವಂತ ಸಂಗೀತ ಜೀವನ ನೆನಪಾಯಿತು. ಅದು ಇದೇ ಮದ್ರಾಸಿನ ಪುರಸೈವಾಕ್ಕಂನಲ್ಲಿ, ದೊಡ್ಡಪ್ಪನ ಹೋಟೆಲಿನಲ್ಲಿ ನಡೆದದ್ದು. ಸಂಜೆ ದೇವರ ಪಟದ ಮುಂದೆ ಮಂಗಳಾರತಿಗೆ ಜಾಗಟೆ ಬಡಿಯುವ ಕೆಲಸ ನನ್ನದಾಗಿತ್ತು. ಆರತಿ ಮುಗಿದು, ತಟ್ಟೆ ಗಿರಾಕಿಗಳ ಮುಂದೆಲ್ಲ ಹೋಗಿ ಬಂದರೂ ನಾನು ನಿಲ್ಲಿಸುತ್ತಿರಲಿಲ್ಲ. ಒಂದು ದಿನ ದೊಡ್ಡಪ್ಪ ಕೋಲು ಕಿತ್ತುಕೊಂಡು "ದೇವರಿಗೂ ಕಿವಿ ಉಂಟು ಮಾಣಿ" ಅಂದರು. ಅಲ್ಲಿಗೆ ನನ್ನ ಕಛೇರಿ ಮುಗಿಯಿತು.

ಅದೇ ಹೋಟೆಲಿನಲ್ಲಿ ನಾನು ಅಕ್ಷರಕ್ಕಿಂತ ಮೊದಲು ಕಲಿತದ್ದು ಬೆರಳಿನ ಭಾಷೆ. ತಟ್ಟೆ ಲೋಟಗಳ ಗದ್ದಲದಲ್ಲಿ ಬಾಯಿಗಿಂತ ಬೆರಳಿಗೇ ಬೆಲೆ. ಗಿರಾಕಿ ತೋರುಬೆರಳೆತ್ತಿದರೆ ಒಂದು ಕಾಫಿ. ಎತ್ತಿದ ಬೆರಳನ್ನು ಜೋರಾಗಿ ಅಲ್ಲಾಡಿಸಿದರೆ "ಎಷ್ಟು ಹೊತ್ತಾಯ್ತು, ಎಲ್ಲಿ ನನ್ನ ಕಾಫಿ" ಎಂದರ್ಥ. ಈ ಎರಡನೆಯ ಸನ್ನೆಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾರ್ಮನ್ ಇದ್ದಾಗಲೇ ನನ್ನ ಮಗಳು ಅನುಷಾಳ ಮದುವೆ ಬಂತು. ಹುಡುಗ ಪ್ರಣವ್, ಮೈಸೂರಿನ ಕಡೆಯವರು, ಇಲ್ಲೇ ಕೆಲಸ. ಮಗಳು ಹುಟ್ಟಿ ಬೆಳೆದದ್ದು ಮದ್ರಾಸಿನಲ್ಲಿ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಮದುವೆಗೆ ಅವಳು ನನ್ನಿಂದ ಕೇಳಿದ್ದು ಒಂದೇ ಒಂದು ವರ. "ಅಪ್ಪಾ, ಅಳಕೂಡಾದು. ವಿಡಿಯೋಲ ವರುಂ." ಅಳಬಾರದು, ವಿಡಿಯೋದಲ್ಲಿ ಬರುತ್ತದೆ.

ಅವಳ ಹೆದರಿಕೆಗೆ ಕಾರಣವಿತ್ತು. ನನ್ನ ಅಳು ಕಣ್ಣೀರಿಗೆ ನಿಲ್ಲುವಂಥದ್ದಲ್ಲ. ಹೋರಿ ಕೂಗಿದ ಹಾಗೆ ಸ್ವರ ಹೊರಡುತ್ತದೆ. ಅವಳನ್ನು ಮೊದಲ ದಿನ ಎಲ್‌ಕೆಜಿಗೆ ಬಿಡಲು ಹೋದಾಗ ಅವಳು ಟಾಟಾ ಮಾಡಿ ಒಳಗೆ ಹೋದಳು, ಆಯಾ ನೀರು ಕುಡಿಸಿ ಸಮಾಧಾನ ಮಾಡಿದ್ದು ನನ್ನನ್ನು. ಅಳುವುದಿಲ್ಲ ಎಂದು ಮಗಳ ಕೈಮುಟ್ಟಿ ಮಾತು ಕೊಟ್ಟೆ.

ಇನ್ನು ವಾದ್ಯದವರನ್ನು ಗೊತ್ತು ಮಾಡಿದ್ದು ನಾನೇ. ಬೀಗರು ವೈಶಾಖ ಶುದ್ಧ ದಶಮಿ ಎಂದು ಮುಹೂರ್ತ ಇಟ್ಟಿದ್ದರು. ನಾಗಸ್ವರದ ವಿದ್ವಾಂಸರು ಹಣೆತುಂಬ ವಿಭೂತಿ ಇಟ್ಟ ಹಿರಿಯರು. ಅವರೆದುರು ಇಂಗ್ಲಿಷ್ ತಾರೀಕು ಹೇಳಲು ನಾಚಿಕೆಯಾಗಿ, ನನಗೂ ನಿಮ್ಮ ಸಂಪ್ರದಾಯ ಗೊತ್ತು ಎಂದು ತೋರಿಸುವ ಹುಮ್ಮಸ್ಸಿನಲ್ಲಿ, "ವೈಗಾಸಿ ಮಾಸಂ, ವಳರ್ಪಿರೈ ದಶಮಿ" ಎಂದು ಅಚ್ಚ ತಮಿಳಿನಲ್ಲಿ ಹೇಳಿದೆ. ವಳರ್ಪಿರೈ ಅಂದರೆ ನಮ್ಮ ಶುಕ್ಲಪಕ್ಷ. ಅವರು ತಲೆದೂಗಿದರು. ನನಗೆ ಬಹಳ ಹೆಮ್ಮೆಯಾಯಿತು. ನಮ್ಮ ವೈಶಾಖ ಚಂದ್ರನನ್ನು ನೋಡಿಕೊಂಡು ಬರುತ್ತದೆ, ಅವರ ವೈಗಾಸಿ ಸೂರ್ಯನನ್ನು ನೋಡಿಕೊಂಡು ಬರುತ್ತದೆ, ಆ ವರ್ಷ ನಮ್ಮ ದಶಮಿಯ ದಿನ ಅವರಿಗಿನ್ನೂ ವೈಗಾಸಿಯ ಹಿಂದಿನ ತಿಂಗಳು ಚಿತ್ತಿರೈ ಮುಗಿದೇ ಇರಲಿಲ್ಲ ಎಂಬುದು ಗೊತ್ತಾದದ್ದು ಮದುವೆಯ ದಿನ ಬೆಳಿಗ್ಗೆ, ಪಲ್ಲಾವರಂನ ಕಲ್ಯಾಣ ಮಂಟಪದ ಬಾಗಿಲಲ್ಲಿ ನಿಂತು ಫೋನು ಮಾಡಿದಾಗ. "ಸಾರ್, ಅದು ಅಡುತ್ತ ಮಾಸಂ ದಾನೆ?" ಎಂದರು ವಿದ್ವಾಂಸರು. ಮುಂದಿನ ತಿಂಗಳಲ್ಲವೇ ಎಂದು. ಅವರು ಕುಂಭಕೋಣದಲ್ಲಿ ಬೇರೊಂದು ಮದುವೆಯಲ್ಲಿದ್ದರು. ಅಂದು ಭರ್ಜರಿ ಮುಹೂರ್ತದ ದಿನ. ಊರಲ್ಲಿ ಡೋಲು ಮುಟ್ಟಿದವರೆಲ್ಲ ಎಲ್ಲೋ ಒಂದು ಕಡೆ ಬಾರಿಸುತ್ತಿದ್ದರು.

ಸುದ್ದಿ ಅಮ್ಮನಿಗೆ ಮುಟ್ಟಿತು. "ವಾದ್ಯ ಇಲ್ಲದೆ ನನ್ನ ಪುಳ್ಳಿಗೆ ತಾಳಿ ಕಟ್ಲಿಕ್ಕಿಲ್ಲ" ಎಂದು ಅಮ್ಮ ಮೊಮ್ಮಗಳ ಪರವಾಗಿ ಮಂಟಪದ ಎದುರು ಕುರ್ಚಿ ಹಾಕಿಸಿಕೊಂಡು ಕೂತಳು.

ಅಮ್ಮನ ಹಟದ ಹಿಂದೆ ಒಂದು ಸೀನು ಇದೆ. ನನ್ನ ಸೋದರತ್ತೆಯ ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ವಾದ್ಯದವರು ಕಾಫಿಗೆ ಹೋಗಿದ್ದರು. ಗಟ್ಟಿಮೇಳ ಇರುವುದೇ ಆ ಗಳಿಗೆಯಲ್ಲಿ ಸೀನು, ಕೆಮ್ಮು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳಬಾರದೆಂದು. ಗಂಡು ಎರಡನೆಯ ಗಂಟು ಹಾಕುವಾಗ ಸುಬ್ರಾಯ ಎಂಬ ನೆಂಟರು ಮಂಟಪ ನಡುಗುವಂತೆ ಸೀನಿದರು. ಅಲ್ಲಿಂದ ಮುಂದೆ ಮಾವನ ತಲೆ ಬೋಳಾದದ್ದು, ಮಿಕ್ಸಿ ಸುಟ್ಟದ್ದು, ಉಪ್ಪಿನಕಾಯಿಗೆ ಬೂಸಲು ಬಂದದ್ದು ಎಲ್ಲಕ್ಕೂ ಆ ಸೀನೇ ಕಾರಣವಾಯಿತು. ಅತ್ತೆ ಮಾವ ಕೊನೆಯವರೆಗೂ ಸುಖವಾಗಿ ಜಗಳವಾಡಿಕೊಂಡು ಇದ್ದರು, ಆ ಮಾತು ಬೇರೆ. ಸುಬ್ರಾಯರನ್ನು ಮಾತ್ರ ಮತ್ತೆ ಯಾರೂ ಮದುವೆಗೆ ಕರೆಯಲಿಲ್ಲ.

ನನ್ನ ಅಕ್ಕನ ಗಂಡ, ರಘು ಭಾವ, ಉಪಾಯಕ್ಕೆ ಹೆಸರಾದವರು. ಅವರು ಫೋನಿಗೆ ಸ್ಪೀಕರ್ ಜೋಡಿಸಿ ಮಂಗಳವಾದ್ಯದ ವಿಡಿಯೋ ಒತ್ತಿದರು. ಮೊದಲು ಜಾಹೀರಾತು ಬಂತು. "ನೀಂಗ ಇಲ್ಲಾದ ನಾಳ್ಲ ಉಂಗ ಕುಡುಂಬತ್ತೈ ಯಾರು ಪಾತ್ತುಪ್ಪಾಂಗ?" ನೀವು ಇಲ್ಲದ ದಿನ ನಿಮ್ಮ ಕುಟುಂಬವನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಯಾವುದೋ ವಿಮೆಯವರು ಮಂಟಪದ ಮೂಲೆಮೂಲೆಗೂ ಕೇಳಿಸುವಂತೆ ವಿಚಾರಿಸಿದರು. ಗಂಡಿನ ಅಜ್ಜ ಎದ್ದು ಹೊರಗೆ ಹೋದರು.

ಭಾವ ಸೋಲಲಿಲ್ಲ. ಪಲ್ಲಾವರಂ ಅಂದರೆ ವಿಮಾನ ನಿಲ್ದಾಣದ ಬಗಲು, ತಲೆಯ ಮೇಲೆ ವಿಮಾನ ಹೋಗುತ್ತಲೇ ಇರುತ್ತದೆ. "ಅತ್ತೆ, ಒಂದು ವಿಮಾನ ಬರುವಾಗ ಸರಿಯಾಗಿ ತಾಳಿ ಕಟ್ಟಿಸುವ. ಅದಕ್ಕಿಂತ ದೊಡ್ಡ ಸದ್ದು ಎಂತ ಉಂಟು?"

"ವಿಮಾನಕ್ಕೆ ಮುಹೂರ್ತ ಗೊತ್ತುಂಟಾ?" ಎಂದಳು ಅಮ್ಮ.

ಶೃಂಗಾರ ಮುಗಿಸಿಕೊಂಡು ಬಂದ ಮಗಳು ವಿಷಯ ಕೇಳಿ ನನ್ನ ಮುಖ ನೋಡಿದಳು. "ಕೆಟ್ಟಿ ಮೇಳಂ ಇಲ್ಲೇನ್ನಾ ಉಂಗ ಅಳುಗೈದಾನ್‌ಪ್ಪಾ ಕೇಕ್ಕುಂ." ಗಟ್ಟಿಮೇಳ ಇಲ್ಲದಿದ್ದರೆ ಕೇಳಿಸುವುದು ನಿಮ್ಮ ಅಳುವೊಂದೇ ಎಂದಳು. ತಮಾಷೆಗೆ ಹೇಳಿದ್ದಲ್ಲ, ಅವಳ ಕಣ್ಣಲ್ಲಿ ನಿಜವಾದ ಭಯವಿತ್ತು. ನನಗೂ ಇತ್ತು.

ಆಗ ಕಣ್ಣಿಗೆ ಬಿದ್ದವರು ನಾರ್ಮನ್. ಮಗಳ ಒತ್ತಾಯಕ್ಕೆ ಹಿಂದಿನ ಸಂಜೆ ಆರತಕ್ಷತೆಯಲ್ಲಿ ಅವರು ಗಿಟಾರು ಬಾರಿಸಿದ್ದರು. ಅಲ್ಲಿಯೂ ಭಾವ ಹೋಗಿ "ಸ್ವಲ್ಪ ಸಣ್ಣಕ್ಕೆ, ಜನರಿಗೆ ಮಾತಾಡ್ಲಿಕ್ಕೆ ಆಗುದಿಲ್ಲ" ಎಂದು ಹೇಳಿ ಬಂದಿದ್ದರು. ಗಿಟಾರು, ಸ್ಪೀಕರ್ ಪೆಟ್ಟಿಗೆ ಇನ್ನೂ ವೇದಿಕೆಯ ಮೂಲೆಯಲ್ಲೇ ಇದ್ದವು. ನಾರ್ಮನ್ ಪಂಚೆ ಉಟ್ಟು, ಅದು ಜಾರದಂತೆ ಮೇಲೆ ಬೆಲ್ಟು ಕಟ್ಟಿಕೊಂಡು ಎರಡನೆಯ ಕಾಫಿ ಕುಡಿಯುತ್ತಿದ್ದರು. ವಿಷಯ ಹೇಳಿದೆ. ಅವರು ಲೋಟ ಕೆಳಗಿಟ್ಟು ಕಸುಬಿನವರ ಪ್ರಶ್ನೆಯನ್ನೇ ಕೇಳಿದರು: "ಸನ್ನೆ ಯಾರು ಕೊಡುತ್ತಾರೆ?"

ಭಟ್ಟರನ್ನು ತೋರಿಸಿದೆ. ಭಟ್ಟರು ಕನ್ನಡದಲ್ಲಿ ಹೇಳಿದರು, ನಾನು ಇಂಗ್ಲಿಷಿಗೆ ತಿರುಗಿಸಿದೆ. "ನಾನು ಬೆರಳೆತ್ತಿ ಹೀಗೆ ಅಲ್ಲಾಡಿಸಿದ ಕೂಡ್ಲೇ ಬಾರಿಸ್ಬೇಕು. ಇಳಿಸಿದಾಗ ನಿಲ್ಲಿಸ್ಬೇಕು. ಎಂತ ಬೇಕಾದ್ರೂ ಬಾರಿಸ್ಲಿ. ಆದ್ರೆ ದೊಡ್ಡಕ್ಕೆ."

"ಎಷ್ಟು ದೊಡ್ಡಕ್ಕೆ?"

"ಬೇರೆ ಒಂದು ಸದ್ದು ಯಾರಿಗೂ ಕೇಳ್ಬಾರ್ದು."

ನಾರ್ಮನ್ ನನ್ನನ್ನು ಇನ್ನೊಮ್ಮೆ ಕೇಳಿದರು, ಸರಿಯಾಗಿ ಅನುವಾದ ಮಾಡಿದೆಯಾ ಎಂದು. ಹೌದೆಂದೆ. ಆಮೇಲೆ ಸ್ಪೀಕರ್ ಪೆಟ್ಟಿಗೆಯ ಗುಂಡಿಯನ್ನು ತಿರುಗಿಸುತ್ತಾ ಹೋದರು, ಅದು ಇನ್ನು ತಿರುಗುವುದಿಲ್ಲ ಎನ್ನುವವರೆಗೆ. ಅವರ ಮುಖದಲ್ಲಿ ಅಂಥ ನಗು ನಾನು ಗೋಳಿಬಜೆಗೂ ನೋಡಿರಲಿಲ್ಲ.

ಅಮ್ಮನನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. "ಅವನಾ? ಪಾಪ, ಬಾರಿಸಲಿ" ಎಂದಳು. ಶಾಸ್ತ್ರಗಳು ಶುರುವಾದವು. ನಾರ್ಮನ್ ಗಿಟಾರಿನ ಮೇಲಿದ್ದ ಗುಂಡಿಯನ್ನಷ್ಟೇ ತಗ್ಗಿಸಿಕೊಂಡು ಹಿನ್ನೆಲೆಗೆ ಮೆಲ್ಲಗೆ ತಮ್ಮ ದುಃಖದ ಹಾಡುಗಳನ್ನು ಬಾರಿಸುತ್ತಿದ್ದರು. ಸಂಗೀತ ಕಲಿತಿದ್ದ ಬೀಗಿತ್ತಿ "ಶುದ್ಧ ಧನ್ಯಾಸಿ ಥರ ಇದೆ ಕಣ್ರೀ, ಆದ್ರೆ ಅಲ್ಲಲ್ಲಿ ಜಾರುತ್ತೆ" ಎಂದು ತಲೆದೂಗಿದರು. ಎಲ್ಲ ಸುಗಮವಾಗಿ ಸಾಗಿತ್ತು.

ಗಂಡಿನ ಸೋದರಮಾವ ಮೈಸೂರಿನಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಬಂದಿದ್ದರು. ವೇದಿಕೆಯ ಮೇಲೆ ಭಟ್ಟರ ಬೆನ್ನ ಹಿಂದೆಯೇ ಅವರಿಗೆ ಕುರ್ಚಿ. "ಏನ್ರೀ, ಹೋಟ್ಲಿನೋರ ಮನೆ ಮದ್ವೇಲಿ ಒಂದು ಕಾಫಿ ಸಿಗಲ್ವಲ್ರೀ" ಎಂದು ಆಗಲೇ ನನ್ನ ಹತ್ತಿರ ಗೊಣಗಿದ್ದರು. ನಮ್ಮ ಹೋಟೆಲಿನ ಹುಡುಗರಲ್ಲೊಬ್ಬ ಟ್ರೇ ಹಿಡಿದು ಹಾದುಹೋಗುವುದು ಕಂಡು ಬೆರಳೆತ್ತಿದರು. ಅವನು ನೋಡಲಿಲ್ಲ. ಇವರು ಎತ್ತಿದ ಬೆರಳನ್ನು ಜೋರಾಗಿ ಅಲ್ಲಾಡಿಸಿದರು.

ನಾರ್ಮನ್ ಬಾರಿಸಿದರು.

ಅದನ್ನು ಹೇಗೆ ಹೇಳಲಿ? ಎದೆಯ ಮೂಳೆ ಅದುರಿತು. ಮಂಟಪದ ದೀಪಗಳು ಅದುರಿದವು. ಗಟ್ಟಿಮೇಳ ಕೇಳಿದರೆ ನಮ್ಮ ಜನರ ಕೈ ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಮಂಟಪದಲ್ಲಿದ್ದವರೆಲ್ಲ ಒಟ್ಟಿಗೆ ಅಕ್ಷತೆ ಎಸೆದರು. ತಾಳಿ ಇನ್ನೂ ತಟ್ಟೆಯ ತೆಂಗಿನಕಾಯಿಯ ಮೇಲೆ ಸುಮ್ಮನೆ ಮಲಗಿತ್ತು. ವಧೂವರರು ತಲೆತುಂಬ ಅಕ್ಕಿ ಹೊತ್ತು ಮುಖ ಮುಖ ನೋಡಿಕೊಂಡರು. ಭಟ್ಟರು ಗಾಬರಿಯಿಂದ ನಾರ್ಮನ್ ಕಡೆ ತಿರುಗಿ "ಅಲ್ಲ, ಅಲ್ಲ, ಈಗ ಅಲ್ಲ" ಎಂದು ಕೂಗುತ್ತಾ ಬೆರಳು ಅಲ್ಲಾಡಿಸಿದರು. ಕೂಗು ಕೇಳುವ ಪ್ರಶ್ನೆಯೇ ಇರಲಿಲ್ಲ, ಬೆರಳು ಮಾತ್ರ ಕಾಣುತ್ತಿತ್ತು. ನಾರ್ಮನ್ ಇನ್ನೂ ಜೋರು ಮಾಡಿದರು. ಭಟ್ಟರು ಇನ್ನೂ ಬೆರಳಾಡಿಸಿದರು. ಅಷ್ಟರಲ್ಲಿ ಕೆಳಗಿನ ಊಟದ ಹಾಲಿನಲ್ಲಿ, ಗಟ್ಟಿಮೇಳ ಆದ ಕೂಡಲೇ ಎಲೆ ಹಾಕಬೇಕೆಂದು ನಾನೇ ಹೇಳಿಟ್ಟಿದ್ದ ಹುಡುಗರು ಎಲೆ ಹಾಕಿ ಉಪ್ಪು ಬಡಿಸಲು ತೊಡಗಿದರು. ಮೊದಲ ಪಂಕ್ತಿಯ ಮೇಲೆ ಕಣ್ಣಿಟ್ಟಿದ್ದ ಮುಕ್ಕಾಲು ಪಾಲು ಜನ ನನ್ನ ಕೈ ಕುಲುಕಿ "ಮದುವೆ ಚೆಂದ ಆಯ್ತು" ಎಂದು ಮೆಟ್ಟಿಲಿಳಿದರು. ಕೊನೆಗೆ ಭಾವ ಹೋಗಿ ಪ್ಲಗ್ಗನ್ನೇ ಕಿತ್ತರು.

ಆ ನಿಶ್ಶಬ್ದದಲ್ಲಿ ಸೋದರಮಾವನ ಧ್ವನಿ ಸ್ಪಷ್ಟವಾಗಿ ಕೇಳಿಸಿತು: "ಕಾಫಿ ಕೇಳಿದ್ದಕ್ಕೆ ಇಷ್ಟೆಲ್ಲಾನಾ?"

ಎಲ್ಲರೂ ಅಮ್ಮನ ಕಡೆ ನೋಡಿದೆವು. ಅಮ್ಮ ಸೆರಗಿನ ಮೇಲಿನ ಅಕ್ಕಿ ಕೊಡವಿಕೊಂಡಳು. "ಬಂದ ಅಕ್ಷತೆ ಅಡ್ವಾನ್ಸ್ ಅಂತ ಇಟ್ಕೊಳ್ಳುವ. ಯಾರೂ ಸೀನಲಿಲ್ಲ ಅಲ್ವಾ? ಮುಂದಿನ ಕೆಲ್ಸ ಮಾಡಿ ಭಟ್ರೇ."

ನಾರ್ಮನ್ ಮುಖ ಸಣ್ಣದಾಗಿತ್ತು. ಸನ್ನೆ ತಪ್ಪಿದ್ದು ತನ್ನ ಜೀವಮಾನದಲ್ಲೇ ಇಲ್ಲ ಎಂದು ನನ್ನ ಹತ್ತಿರ ಹೇಳಿದರು. ತಪ್ಪು ನಿಮ್ಮದಲ್ಲ, ನಮ್ಮ ಬೆರಳುಗಳದ್ದು ಎಂದೆ. ಸೋದರಮಾವನ ಎರಡೂ ಕೈಗೆ ಒಂದೊಂದು ಲೋಟ ಕಾಫಿ ಕೊಡಿಸಿದ ಮೇಲೆ ಭಾವ ಪ್ಲಗ್ಗು ಸಿಕ್ಕಿಸಿದರು.

ಹೀಗಾಗಿ ನನ್ನ ಮಗಳಿಗೆ ನಿಜವಾಗಿ ತಾಳಿ ಕಟ್ಟುವಾಗ ಮಂಟಪದಲ್ಲಿ ಉಳಿದವರು ಮನೆಯವರು ಮಾತ್ರ. ಪ್ರಣವ್ ತಾಳಿ ಕೈಗೆತ್ತಿಕೊಂಡ. ಅನುಷಾ ತಲೆ ಬಗ್ಗಿಸುವ ಮುಂಚೆ ನನ್ನನ್ನು ನೋಡಿ, ಮಾತು ನೆನಪಿದೆಯಲ್ಲ ಎಂಬಂತೆ ಹುಬ್ಬೇರಿಸಿದಳು. ಎಲ್‌ಕೆಜಿಯ ಬಾಗಿಲಲ್ಲಿ ಟಾಟಾ ಮಾಡುವಾಗಲೂ ಹೀಗೇ ಹುಬ್ಬೇರಿಸಿದ್ದಳು. ಭಟ್ಟರ ಬೆರಳು ಮೇಲೇರಿತು. ನಾರ್ಮನ್ ತಂತಿಗೆ ಕೈ ಹಾಕಿದರು. ನನ್ನ ಬಾಯಿಂದ ಹೋರಿ ಹೊರಟಿತು.

ಅತ್ತೆ. ಬಾಯಿ ಬಿಟ್ಟು, ಮೈ ಅಲ್ಲಾಡುವಂತೆ ಅತ್ತೆ. ಪಕ್ಕದಲ್ಲೇ ನಿಂತಿದ್ದ ಸುಮನಾಗೆ ಕೇಳಿಸಲಿಲ್ಲ. ನನ್ನ ಅಳು ನನಗೇ ಕೇಳಿಸಲಿಲ್ಲ. ಎಲ್ಲರ ಕಣ್ಣೂ ತಾಳಿಯ ಮೇಲಿತ್ತು. ಮೂರು ಗಂಟು ಬಿದ್ದವು. ಭಟ್ಟರು ಬೆರಳು ಇಳಿಸಿದರು. ನನ್ನ ಅಳು ಮಾತ್ರ ಇಳಿಯಲಿಲ್ಲ, ನಿಲ್ಲಿಸಲು ನೋಡಿದಷ್ಟೂ ಏರುತ್ತಿತ್ತು. ಇನ್ನೇನು ಸದ್ದು ನಿಲ್ಲುತ್ತದೆ, ಬೀಗರೆದುರು ಮಗಳ ಮಾನ ಹೋಗುತ್ತದೆ ಎಂದುಕೊಂಡೆ. ಸದ್ದು ನಿಲ್ಲಲಿಲ್ಲ. ಭಟ್ಟರು ಬೆರಳು ಇಳಿಸಿ, ಕೈ ಇಳಿಸಿ, ಸಾಕು ಎಂದು ಎರಡೂ ಅಂಗೈ ತೋರಿಸಿದರು. ನಾರ್ಮನ್ ಅವರ ಕಡೆ ನೋಡುತ್ತಲೇ ಇರಲಿಲ್ಲ. ನನ್ನನ್ನೇ ನೋಡುತ್ತಾ ಬಾರಿಸುತ್ತಿದ್ದರು. ನಾನು ಶಾಲಿನಿಂದ ಕಣ್ಣು ಮೂಗು ಒರೆಸಿ, ಉಸಿರೆಳೆದುಕೊಂಡು ತಲೆಯಾಡಿಸಿದ ಮೇಲೆ ಕೈ ತೆಗೆದರು.

ಊರಿಗೆ ಹೊರಡುವ ದಿನ ಆ ಬಿಲ್ಲೆಯನ್ನು ನನ್ನ ಅಂಗೈಯಲ್ಲಿಟ್ಟರು. ನಾನು ಅದನ್ನು ದೇವರ ಗೂಡಿನಲ್ಲಿಟ್ಟೆ. ಅದು ಇಂಗಿನ ಬಟ್ಟಲಿಗೆ ಹೇಗೆ ವರ್ಗವಾಯಿತೆಂದು ಸುಮನಾಳನ್ನೇ ಕೇಳಬೇಕು.

ತಿಂಗಳು ಕಳೆದು ಮದುವೆಯ ವಿಡಿಯೋ ಬಂತು. ಎಲ್ಲರೂ ಟಿವಿಯ ಮುಂದೆ ಕೂತೆವು. ಗಟ್ಟಿಮೇಳದ ಹೊತ್ತಿಗೆ ಸೊಗಸಾದ ನಾಗಸ್ವರ ಕೇಳಿಸಿತು. ವಿಡಿಯೋದವನು ಗಿಟಾರಿನ ಸದ್ದನ್ನು ಪೂರ್ತಿ ಒರೆಸಿ, ತನ್ನಲ್ಲಿದ್ದ ಮಂಗಳವಾದ್ಯ ಅಂಟಿಸಿದ್ದ. ಅದರಲ್ಲಿ ನಾರ್ಮನ್ ಇಲ್ಲ, ಅವರ ಗಿಟಾರಿನ ಒಂದು ಸ್ವರವೂ ಇಲ್ಲ. ತೆರೆಯ ಒಂದು ಮೂಲೆಯಲ್ಲಿ ನಾನಿದ್ದೆ, ಬಾಯಿ ಅಗಲಿಸಿಕೊಂಡು.

ಅನುಷಾ ಅಲ್ಲಿಗೇ ನಿಲ್ಲಿಸಿದಳು. "ಎನ್ನಪ್ಪಾ, ತಾಳಿ ಕಟ್ಟುಂಬೋದು ಕೊಟ್ಟಾವಿ ವಿಡ್ರೀಂಗ?" ತಾಳಿ ಕಟ್ಟುವಾಗ ಯಾರಾದರೂ ಆಕಳಿಸುತ್ತಾರಾ ಎಂದು.

"ಬೆಳಿಗ್ಗೆ ಬೇಗ ಎದ್ದದ್ದಲ್ವಾ" ಎಂದೆ.

"ಪರವಾಯಿಲ್ಲೆ. ಅಳಲಿಯೇ, ಅದುವೇ ಪೋದುಂ." ಅಳಲಿಲ್ಲವಲ್ಲ, ಅಷ್ಟೇ ಸಾಕು ಎಂದು ನನ್ನ ಭುಜಕ್ಕೆ ತಲೆಯಿಟ್ಟಳು.

ಆಮೇಲೆ ಮಹಡಿಗೆ ಹೋಗಿ ನಾರ್ಮನ್‌ಗೆ ಫೋನು ಮಾಡಿದೆ. ವಿಡಿಯೋದ ಸಂಗತಿ ಹೇಳಲು ನನಗೆ ಸಂಕಟವಾಗುತ್ತಿತ್ತು. ಅವರು ಕೆಮ್ಮು ಬರುವಷ್ಟು ನಕ್ಕರು. "ಹೆಸರು ಹಾಕದೆ ಬಿಟ್ಟವರು ಬೇಕಾದಷ್ಟು ಜನ. ಸದ್ದನ್ನೇ ತೆಗೆದವರು ನಿಮ್ಮವರೇ ಮೊದಲು" ಅಂದರು.

"ಅಂದು ಭಟ್ಟರು ಬೆರಳು ಇಳಿಸಿದ್ದು ನೀವು ನೋಡಲಿಲ್ಲವೇ?" ಎಂದು ಕೇಳಿದೆ.

"ನೋಡಿದೆ. ನೀವಿನ್ನೂ ಮುಗಿಸಿರಲಿಲ್ಲ."

ಮಗಳು ನಾನು ಆಕಳಿಸುತ್ತಿದ್ದೆ ಎಂದುಕೊಂಡಿದ್ದಾಳೆ, ಅತ್ತದ್ದು ಅವಳಿಗೆ ಗೊತ್ತೇ ಇಲ್ಲ, ಯಾರಿಗೂ ಗೊತ್ತಿಲ್ಲ ಎಂದು ಹೇಳಿದೆ.

"ಹಾಗಾದರೆ ಟೇಕ್ ಓಕೆ" ಅಂದರು ನಾರ್ಮನ್.